ವೋಟಿಲ್ಲದ ಮಕ್ಕಳು ಕಟ್ಟಿದ ಮತದಾರರ ಪಟ್ಟಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಸೇರಿದ ಚರಿತ್ರೆ ಹೇಳುವಾಗ ಮಾರ್ಟಿನ್ ಲೂಥರ್ ಕಿಂಗ್, ಅಧ್ಯಕ್ಷ ಲಿಂಡನ್ ಜಾನ್ಸನ್, 1965ರ ಮತದಾನ ಹಕ್ಕು ಕಾಯ್ದೆ ಎಂದು ಮೂರು ಹೆಸರು ಹೇಳಿ ಮುಗಿಸುವುದು ರೂಢಿ. ಆ ಹೋರಾಟದ ತಳದ ಕೆಲಸವನ್ನು, ಅಂದರೆ ಮನೆಮನೆ ತಿರುಗಿ ಹಿರಿಯರನ್ನು ಒಪ್ಪಿಸುವುದು, ಅರ್ಜಿ ತುಂಬಲು ಕಲಿಸುವುದು, ಕೋರ್ಟು ಕಟ್ಟಡದ ಮುಂದೆ ಸಾಲು ನಿಲ್ಲಿಸುವುದು, ಇದನ್ನೆಲ್ಲ ಹೊತ್ತವರಲ್ಲಿ ಹೈಸ್ಕೂಲು ಮಕ್ಕಳ ಪಾಲು ಬಹಳ ದೊಡ್ಡದು. ಅಲ್ಲಿನ ಹೈಸ್ಕೂಲು ಹನ್ನೆರಡನೇ ತರಗತಿಯವರೆಗೆ ಇರುತ್ತದೆ, ನಮ್ಮ ಲೆಕ್ಕದಲ್ಲಿ ಎರಡನೇ ಪಿಯುಸಿವರೆಗೆ. ಮಿಸಿಸಿಪ್ಪಿ, ಅಲಬಾಮಗಳಲ್ಲಿ ಆಗ ಮತದಾನದ ವಯಸ್ಸು 21. ಹೀಗಾಗಿ ತಮಗೆ ಇನ್ನೂ ನಾಲ್ಕೈದು ವರ್ಷ ಸಿಗದ ಹಕ್ಕಿಗಾಗಿ ಆ ಮಕ್ಕಳು ಬೀದಿಗಿಳಿದರು. ಶಾಲೆಯೊಂದನ್ನು ಮತದಾನದ ಕೆಲಸದಲ್ಲಿ ತೊಡಗಿಸುವುದು ಹೇಗೆ ಎಂದು ಇಂದು ಅಧಿಕಾರಿಗಳೂ ಸಂಘಸಂಸ್ಥೆಗಳೂ ಕೇಳುತ್ತವೆ. ಮೆಕೋಂಬ್ ಮತ್ತು ಸೆಲ್ಮಾ ಎಂಬ ಎರಡು ಸಣ್ಣ ಊರುಗಳ ಚರಿತ್ರೆಯಲ್ಲಿ ಅದಕ್ಕೆ ಖಚಿತವಾದ ಉತ್ತರವಿದೆ ಎಂಬುದು ನನ್ನ ವಾದ. ಮಕ್ಕಳ ಕೈಗೆ ನಿಜವಾದ ಕೆಲಸ ಸಿಕ್ಕಾಗ ಶಾಲೆ ತಾನಾಗಿ ಒಳಗೆ ಬಂತು. ಮೇಲಿನಿಂದ ಬಂದ ಅಪ್ಪಣೆಗೆ, ಮುಂದೆ ನೋಡುವಂತೆ, ಆ ಬಲ ಇರಲಿಲ್ಲ.

ಮೊದಲು ಎದುರಿಗಿದ್ದ ಗೋಡೆ ಎಂಥದ್ದು ಎಂದು ನೋಡಬೇಕು. ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿಗೆ ಸೇರಬೇಕಾದರೆ 21 ಪ್ರಶ್ನೆಗಳ ಅರ್ಜಿಯನ್ನು ಯಾರ ಸಹಾಯವೂ ಇಲ್ಲದೆ ತುಂಬಬೇಕಿತ್ತು. ಹೆಸರು, ವಿಳಾಸ, ಉದ್ಯೋಗದ ಸಾಲುಗಳ ನಂತರ ನಿಜವಾದ ಪರೀಕ್ಷೆ ಶುರು. ರಾಜ್ಯದ ಸಂವಿಧಾನದ 285 ವಿಧಿಗಳಲ್ಲಿ ರಿಜಿಸ್ಟ್ರಾರ್ ತೋರಿಸಿದ ಒಂದನ್ನು ನಕಲು ಮಾಡಬೇಕು, ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಬರೆಯಬೇಕು, ಆಮೇಲೆ ಪ್ರಜೆಯ ಕರ್ತವ್ಯಗಳೇನು ಎಂದು ವಿವರಿಸಬೇಕು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಅದೇ ರಿಜಿಸ್ಟ್ರಾರ್. ಬಿಳಿಯನಿಗೆ ಒಂದು ಸಾಲಿನ ವಿಧಿ, ಕಪ್ಪು ಶಿಕ್ಷಕನಿಗೆ ಪುಟದುದ್ದದ ತೆರಿಗೆಯ ವಿಧಿ ತೋರಿಸಿದರೂ ಕೇಳುವವರಿಲ್ಲ. ಅಲಬಾಮದ ಡಲ್ಲಾಸ್ ಕೌಂಟಿಯಲ್ಲಿ, ಅಂದರೆ ಸೆಲ್ಮಾ ಇರುವ ಜಿಲ್ಲೆಯಲ್ಲಿ, ನೋಂದಣಿ ಕಚೇರಿ ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. ಆಗಲೇ ಪಟ್ಟಿಯಲ್ಲಿರುವ ಮತದಾರರೊಬ್ಬರು ಬಂದು ಈತ ಯೋಗ್ಯ ಎಂದು ಸಾಕ್ಷಿ ಹೇಳಬೇಕಿತ್ತು. 1961ರಲ್ಲಿ ಆ ಕೌಂಟಿಯಲ್ಲಿ ಮತದಾನದ ವಯಸ್ಸಿನ ಸುಮಾರು 15,000 ಕಪ್ಪು ಜನರಿದ್ದರು, ಪಟ್ಟಿಯಲ್ಲಿದ್ದವರು 156. ಕಾಗದದ ಈ ಗೋಡೆಯ ಹಿಂದೆ ಹೊಟ್ಟೆಪಾಡಿನ ಗೋಡೆ ಇನ್ನೊಂದು. ಕೂಲಿಯವನು ಜಮೀನ್ದಾರನಿಗೆ, ಅಡುಗೆಯವಳು ಯಜಮಾನಿಗೆ, ಶಿಕ್ಷಕ ಬಿಳಿಯರೇ ತುಂಬಿದ ಶಿಕ್ಷಣ ಮಂಡಳಿಗೆ ಅಂಜಬೇಕಿತ್ತು. ಅರ್ಜಿ ಹಾಕಿದ ಮರುದಿನ ಕೆಲಸ ಹೋಗುವುದು ಹೊಸದೇನಲ್ಲ. ಕಳೆದುಕೊಳ್ಳಲು ಸ್ವಂತ ನೌಕರಿ ಇಲ್ಲದಿದ್ದವರು ಶಾಲೆಯ ಮಕ್ಕಳು ಮಾತ್ರ.

ಮೆಕೋಂಬ್ ಮಿಸಿಸಿಪ್ಪಿಯ ಪೈಕ್ ಕೌಂಟಿಯ ರೈಲ್ವೆ ಊರು. ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ, ಎಲ್ಲರ ಬಾಯಲ್ಲಿ 'ಸ್ನಿಕ್', ತನ್ನ ಮೊದಲ ಮತದಾರರ ನೋಂದಣಿ ಕೆಲಸವನ್ನು 1961ರ ಬೇಸಿಗೆಯಲ್ಲಿ ಅಲ್ಲಿ ಶುರುಮಾಡಿತು. ನ್ಯೂಯಾರ್ಕಿನಲ್ಲಿ ಗಣಿತದ ಮೇಷ್ಟರಾಗಿದ್ದ ಬಾಬ್ ಮೋಸೆಸ್ ಅದರ ಹೊಣೆ ಹೊತ್ತಿದ್ದರು. ಆಗಸ್ಟಿನಲ್ಲಿ ಅರ್ಜಿ ತುಂಬುವುದನ್ನು ಕಲಿಸುವ ತರಗತಿ ತೆರೆಯಿತು. ಹೊರಗಿನಿಂದ ಬಂದ ಒಬ್ಬಿಬ್ಬರು ಊರನ್ನೆಲ್ಲ ಸುತ್ತುವುದು ಆಗದ ಮಾತು. ಬಾಗಿಲು ಬಡಿಯುವ ಕೆಲಸವನ್ನು ಬರ್ಗ್‌ಲಂಡ್ ಹೈಸ್ಕೂಲಿನ ಹುಡುಗ ಹುಡುಗಿಯರು ವಹಿಸಿಕೊಂಡರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಓದಲು ಬರುತ್ತದೆ, ಯಾರ ಗಂಡ ಯಾರ ಗಿರಣಿಯಲ್ಲಿ ದುಡಿಯುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಅಪರಿಚಿತ ಕಾರ್ಯಕರ್ತನ ಮುಖಕ್ಕೆ ಮುಚ್ಚುವ ಬಾಗಿಲು ಪಕ್ಕದ ಬೀದಿಯ ಹುಡುಗಿಗೆ ತೆರೆದುಕೊಳ್ಳುತ್ತದೆ. ಆ ಹುಡುಗಿಯ ಅಜ್ಜಿ ಯಾರೆಂದು ಒಳಗಿರುವವರಿಗೆ ತಿಳಿದಿರುತ್ತದೆ. ಮಕ್ಕಳು ಮಾಡಿದ್ದು ಘೋಷಣೆ ಕೂಗುವ ಕೆಲಸಕ್ಕಿಂತ ಬೇರೆಯಾದದ್ದು. ಅರ್ಜಿಯ ನಮೂನೆ ತೋರಿಸಿ ಈ ಪ್ರಶ್ನೆಗೆ ಹೀಗೆ ಬರೆಯಬೇಕು ಎಂದು ತಮಗಿಂತ ಮೂರುಪಟ್ಟು ವಯಸ್ಸಾದವರಿಗೆ ಹೇಳಿಕೊಟ್ಟು, ಅವರನ್ನು ತರಗತಿಗೆ ಕಳಿಸಿದರು.

ಆಗಸ್ಟ್ ಮುಗಿಯುವ ಮುನ್ನವೇ ಅದಕ್ಕೆ ಬೆಲೆ ತೆರಬೇಕಾಯಿತು. ಹೆಸರು ನೋಂದಾಯಿಸಲು ಜನರನ್ನು ಕರೆದುಕೊಂಡು ಹೋದ ಮೋಸೆಸ್‌ಗೆ ಪಕ್ಕದ ಏಮಿಟ್ ಕೌಂಟಿಯಲ್ಲಿ ತಲೆ ಒಡೆಯುವಂತೆ ಹೊಡೆದರು. ಬರ್ಗ್‌ಲಂಡ್ ಹೈಸ್ಕೂಲಿನ ಬ್ರೆಂಡಾ ಟ್ರಾವಿಸ್, ಇನ್ನೂ ಹದಿಹರೆಯದ ಹುಡುಗಿ, ಬಸ್ ನಿಲ್ದಾಣದಲ್ಲಿ ಬಿಳಿಯರ ಕಡೆ ಕುಳಿತದ್ದಕ್ಕೆ ಬಂಧನಕ್ಕೆ ಒಳಗಾಗಿ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದಳು. ಸೆಪ್ಟೆಂಬರ್ 25ರಂದು ನೋಂದಣಿ ಕೆಲಸಕ್ಕೆ ನೆರವಾಗುತ್ತಿದ್ದ ರೈತ ಹರ್ಬರ್ಟ್ ಲೀಯನ್ನು ರಾಜ್ಯದ ಶಾಸಕನೊಬ್ಬ ಹಾಡಹಗಲೇ ಗುಂಡಿಟ್ಟು ಕೊಂದ. ಅವನಿಗೆ ಶಿಕ್ಷೆ ಆಗಲಿಲ್ಲ. ಬ್ರೆಂಡಾ ಜೈಲಿನಿಂದ ಹೊರಬಂದಾಗ ಪ್ರಾಂಶುಪಾಲರು ಅವಳನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅಕ್ಟೋಬರ್ 4ರಂದು 100ಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿ ಬಿಟ್ಟು ಎದ್ದು ಊರ ನಡುವಿನ ಸಿಟಿ ಹಾಲ್‌ವರೆಗೆ ನಡೆದು, ಅದರ ಮೆಟ್ಟಿಲ ಮೇಲೆ ಒಬ್ಬೊಬ್ಬರಾಗಿ ಪ್ರಾರ್ಥಿಸಲು ನಿಂತರು. ಪೊಲೀಸರು ಎಲ್ಲರನ್ನೂ ಹಿಡಿದರು. ಆಮೇಲೆ ಶಾಲೆ ಒಂದು ಕಾಗದ ಮುಂದಿಟ್ಟಿತು. ಇನ್ನು ಮುಂದೆ ಇಂಥ ಯಾವುದರಲ್ಲೂ ಭಾಗವಹಿಸುವುದಿಲ್ಲ ಎಂದು ಸಹಿ ಹಾಕಬೇಕು, ಇಲ್ಲವಾದರೆ ಶಾಲೆಯಿಂದ ಹೊರಗೆ. ಬಹಳಷ್ಟು ಮಕ್ಕಳು ಸಹಿ ಹಾಕಲಿಲ್ಲ. ಪುಸ್ತಕ ಒಪ್ಪಿಸಿ ಹೊರನಡೆದರು. ಅವರಿಗಾಗಿ ಸ್ನಿಕ್ ಕಾರ್ಯಕರ್ತರೇ ಒಂದು ಶಾಲೆ ನಡೆಸಿದರು. ಮೋಸೆಸ್ ಗಣಿತ, ಚಾರ್ಲ್ಸ್ ಮೆಕ್‌ಡ್ಯೂ ಚರಿತ್ರೆ ಪಾಠ ಮಾಡಿದರು. ಕೆಲವೇ ವಾರಗಳಲ್ಲಿ ಮೇಷ್ಟರುಗಳೇ ಜೈಲು ಸೇರಿದ್ದರಿಂದ ಅದೂ ನಿಂತಿತು, ಮಕ್ಕಳು ರಾಜಧಾನಿ ಜಾಕ್ಸನ್ನಿನ ಕ್ಯಾಂಪ್‌ಬೆಲ್ ಕಾಲೇಜಿಗೆ ಹೋಗಿ ಓದು ಮುಂದುವರಿಸಿದರು. ಬ್ರೆಂಡಾಳನ್ನು ಬಾಲಾಪರಾಧಿಗಳ ಸುಧಾರಣಾ ಶಾಲೆಗೆ ಅಟ್ಟಿದರು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ದೊಡ್ಡವರ ಜಗಳಕ್ಕೆ ಮಕ್ಕಳನ್ನು ಒಡ್ಡಿದ್ದು ಸರಿಯೇ? ಮೆಕೋಂಬಿನ ಹಲವು ಪೋಷಕರೇ ಆಗ ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳಿದರು, ಕೇಳುವ ಹಕ್ಕೂ ಅವರಿಗಿತ್ತು. ಒಂದು ಹುಡುಗಿಯ ಓದು, ಊರು, ಮನೆ ಎಲ್ಲ ಕೈತಪ್ಪಿದ ಮೇಲೆ ಆಕೆಯ ಧೈರ್ಯವನ್ನು ಮಾತ್ರ ಕೊಂಡಾಡುವುದು ಅನ್ಯಾಯ. ಆದರೆ ಮಕ್ಕಳನ್ನು ಯಾರೋ ಬಳಸಿಕೊಂಡರು ಎಂಬ ಮಾತು ಘಟನೆಗಳ ಜೊತೆ ಹೊಂದುವುದಿಲ್ಲ. ತರಗತಿ ಬಿಟ್ಟು ಎದ್ದು ಹೋಗುವ ತೀರ್ಮಾನ ವಿದ್ಯಾರ್ಥಿಗಳದ್ದೇ. ಕಾರ್ಯಕರ್ತರು ಅವರ ಹಿಂದೆ ನಡೆದರು, ಮುಂದೆ ನಡೆಸಲಿಲ್ಲ. ಅಪಾಯ ಮಕ್ಕಳು ಬೀದಿಗೆ ಬಂದಾಗ ಹುಟ್ಟಿದ್ದೂ ಅಲ್ಲ. ಶಾಲೆಯೊಳಗೆ ಬಾಯಿ ಮುಚ್ಚಿ ಕುಳಿತಿದ್ದ ಮಗುವೂ ಮುಂದೆ ಅದೇ ಷೆರೀಫ್, ಅದೇ ರಿಜಿಸ್ಟ್ರಾರ್ ಆಳುವ ಊರಿನಲ್ಲೇ ಬಾಳಬೇಕಿತ್ತು. ಆ ಶಾಲೆಯಾದರೂ ಯಾವ ಪಕ್ಷಕ್ಕೂ ಸೇರದ ಶಾಂತ ಜಾಗವಾಗಿರಲಿಲ್ಲ. ಪ್ರಾಂಶುಪಾಲರ ಕುರ್ಚಿ ಬಿಳಿಯರ ಮಂಡಳಿಯ ಮರ್ಜಿಯಲ್ಲಿತ್ತು, ಸಹಿ ಕೇಳಿದ ಕಾಗದವೇ ಶಾಲೆ ರಾಜಕೀಯದಲ್ಲಿ ಮುಳುಗಿತ್ತು ಎಂಬುದಕ್ಕೆ ಸಾಕ್ಷಿ. ದೊಡ್ಡವರ ನಿಜವಾದ ತಪ್ಪು ಬೇರೆ ಇದೆ. ಮಕ್ಕಳು ಎದ್ದು ನಿಂತಾಗ ಶಾಲೆಯ ಹಿರಿಯರಾರೂ ಅವರ ಪಕ್ಕ ನಿಲ್ಲಲಿಲ್ಲ. ನಾಲ್ಕು ವರ್ಷದ ನಂತರ ಸೆಲ್ಮಾದಲ್ಲಿ ಆ ಕೊರತೆ ನೀಗಿತು, ಫಲವೂ ಬೇರೆಯಾಯಿತು.

ಸೆಲ್ಮಾದ ಕೆಲಸ ಶುರುವಾದದ್ದು 1963ರ ಆರಂಭದಲ್ಲಿ, ಸ್ನಿಕ್ ಕಾರ್ಯಕರ್ತ ಬರ್ನಾರ್ಡ್ ಲಫಯೆಟ್ ಮತ್ತು ಪತ್ನಿ ಕೋಲಿಯಾ ಅಲ್ಲಿಗೆ ಬಂದಾಗ. ಬರ್ನಾರ್ಡ್ ಅಹಿಂಸೆಯ ಪಾಠ ಕಲಿತದ್ದು ನ್ಯಾಶ್‌ವಿಲ್‌ನಲ್ಲಿ ಜೇಮ್ಸ್ ಲಾಸನ್ ನಡೆಸುತ್ತಿದ್ದ ಶಿಬಿರಗಳಲ್ಲಿ. ಲಾಸನ್ 1950ರ ದಶಕದಲ್ಲಿ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಹೋದವರು. ಸೆಲ್ಮಾದಲ್ಲಿ ಅಮೀಲಿಯಾ ಬಾಯ್ನ್‌ಟನ್‌ರಂಥ ಹಿರಿಯರು ಡಲ್ಲಾಸ್ ಕೌಂಟಿ ಮತದಾರರ ಸಂಘವನ್ನು ವರ್ಷಗಳಿಂದ ಜೀವಂತವಾಗಿಟ್ಟಿದ್ದರು, ಆದರೆ ಸಭೆಗೆ ಬರುವವರು ಬೆರಳೆಣಿಕೆ. ಲಫಯೆಟ್ ಆರ್.ಬಿ. ಹಡ್ಸನ್ ಹೈಸ್ಕೂಲಿನ ಹುಡುಗರ ಗೆಳೆತನ ಮಾಡಿದರು. ಆ ಹುಡುಗರು ಗೆಳೆಯರನ್ನು ಕರೆತಂದರು, ಗೆಳೆಯರು ಅಪ್ಪ ಅಮ್ಮಂದಿರನ್ನು ಸಭೆಗೆ ಎಳೆತಂದರು. ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತಾಗ ಸೆಲ್ಮಾದ ವಿದ್ಯಾರ್ಥಿಗಳು ಬೀದಿಗೆ ಬಂದರು, ನೂರಾರು ಮಂದಿ ಬಂಧಿತರಾದರು. ಅಕ್ಟೋಬರ್ 7ರ ಸೋಮವಾರ, ಕಚೇರಿ ತೆರೆಯುವ ದಿನ, ಸುಮಾರು 350 ಹಿರಿಯರು ಕೋರ್ಟು ಕಟ್ಟಡದ ಸುತ್ತ ಸಾಲುಗಟ್ಟಿದರು. ದಿನವಿಡೀ ಬಿಸಿಲಲ್ಲಿ ನಿಂತ ಅವರಿಗೆ ನೀರು ಕೊಡಲು ಹೋದವರಿಗೆ ಪೊಲೀಸರು ಹೊಡೆದರು, ಸಾಲಿನಲ್ಲಿ ಕೆಲವರ ಅರ್ಜಿ ಮಾತ್ರ ಒಳಗೆ ಹೋಯಿತು. ಹೀಗಿದ್ದರೂ ಹತ್ತಾರು ಜನ ಹೋಗಲು ಹೆದರುತ್ತಿದ್ದ ಮೆಟ್ಟಿಲಿಗೆ ಮುನ್ನೂರಕ್ಕೂ ಮಿಕ್ಕಿ ಜನ ಬಂದದ್ದು ಸಣ್ಣ ಮಾತಲ್ಲ. ಮಕ್ಕಳು ಜೈಲಿಗೆ ಹೋಗಿ ಬಂದಿದ್ದಾರೆ, ನಾವು ಸಾಲಿನಲ್ಲಿ ನಿಲ್ಲದಿದ್ದರೆ ಹೇಗೆ ಎಂಬ ನಾಚಿಕೆ ಮನೆಮನೆಯಲ್ಲೂ ಕೆಲಸ ಮಾಡಿತ್ತು.

ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಆಧಾರ 1965ರ ಜನವರಿ 22ರ ಸಂಜೆ. ಮತದಾರರ ಸಂಘದ ಅಧ್ಯಕ್ಷ ಎಫ್.ಡಿ. ರೀಸ್ ಹಡ್ಸನ್ ಹೈಸ್ಕೂಲಿನ ವಿಜ್ಞಾನ ಶಿಕ್ಷಕರೂ ಆಗಿದ್ದರು, ಕಪ್ಪು ಶಿಕ್ಷಕರ ಸಂಘದ ಮುಖ್ಯಸ್ಥರೂ ಹೌದು. ವಿದ್ಯಾರ್ಥಿಗಳು ಎರಡು ವರ್ಷದಿಂದ ಹೊಡೆತ ತಿನ್ನುತ್ತಿದ್ದಾರೆ, ಅವರಿಗೆ ಪೌರನೀತಿ ಬೋಧಿಸುವ ನಾವೇ ಮತದಾರರಲ್ಲ ಎಂಬ ಮಾತನ್ನು ಅವರು ಸಹೋದ್ಯೋಗಿಗಳ ಮುಂದಿಟ್ಟರು. ಶುಕ್ರವಾರ ಶಾಲೆ ಬಿಟ್ಟ ಮೇಲೆ 100ಕ್ಕೂ ಹೆಚ್ಚು ಶಿಕ್ಷಕರು ಪ್ರಾಥಮಿಕ ಶಾಲೆಯೊಂದರ ಬಳಿ ಸೇರಿದರು. ಗಂಡಸರು ಸೂಟು, ಟೈ; ಹೆಂಗಸರು ಭಾನುವಾರ ಚರ್ಚಿಗೆ ಹೋಗುವ ಉಡುಪು, ಟೋಪಿ, ಕೈಗವಸು. ಜೈಲಿಗೆ ಹೋಗಲು ಸಿದ್ಧ ಎಂದು ತೋರಿಸಲು ಅವರು ಟೂತ್‌ಬ್ರಷ್ ಎತ್ತಿ ಹಿಡಿದಿದ್ದರು. ಇಬ್ಬಿಬ್ಬರಾಗಿ ಜೋಡಿ ಸಾಲಿನಲ್ಲಿ ಕೋರ್ಟಿಗೆ ನಡೆದರು. ಶಿಕ್ಷಣಾಧಿಕಾರಿ ಬಂದು ಹಿಂದಿರುಗಿ ಎಂದು ಕೇಳಿಕೊಂಡರು. ಷೆರೀಫ್ ಜಿಮ್ ಕ್ಲಾರ್ಕ್ ಮತ್ತು ಅವನ ಕಡೆಯವರು ದೊಣ್ಣೆಯಲ್ಲಿ ತಿವಿದು ಮೆಟ್ಟಿಲಿಂದ ಕೆಳಗೆ ತಳ್ಳಿದರು, ಶಿಕ್ಷಕರು ಮತ್ತೆ ಹತ್ತಿದರು, ಮತ್ತೆ ತಳ್ಳಿದರು. ಒಬ್ಬರನ್ನೂ ಬಂಧಿಸಲಿಲ್ಲ. ಇಷ್ಟು ಶಿಕ್ಷಕರನ್ನು ಜೈಲಿಗೆ ಹಾಕಿದರೆ ಸೋಮವಾರ ಸಾವಿರಾರು ಮಕ್ಕಳು ಎಲ್ಲಿರುತ್ತಾರೆ ಎಂಬ ಲೆಕ್ಕ ಎಲ್ಲರಿಗೂ ತಿಳಿಯುತ್ತಿತ್ತು. ಶಿಕ್ಷಕರು ಬ್ರೌನ್ ಚಾಪೆಲ್ ಚರ್ಚಿಗೆ ಹಿಂದಿರುಗಿದಾಗ ಒಳಗೆ ತುಂಬಿದ್ದ ವಿದ್ಯಾರ್ಥಿಗಳು ಎದ್ದು ನಿಂತು ಕೂಗಿ, ಹಾಡಿ ಬರಮಾಡಿಕೊಂಡರು. ಇಡೀ ದಕ್ಷಿಣದಲ್ಲಿ ಶಿಕ್ಷಕ ವರ್ಗ ಹೀಗೆ ಒಟ್ಟಾಗಿ ಬೀದಿಗೆ ಇಳಿದ ಉದಾಹರಣೆ ಬಹಳ ಅಪರೂಪ. ಶಿಕ್ಷಕರ ಹಿಂದೆ ಸೆಲ್ಮಾದ ಉಳಿದ ಕಸುಬಿನವರೂ ತಂತಮ್ಮ ಗುಂಪು ಕಟ್ಟಿಕೊಂಡು ಕೋರ್ಟಿಗೆ ನಡೆದರು.

ಅನುಕ್ರಮವನ್ನು ಗಮನಿಸಬೇಕು. ಮಕ್ಕಳು ಮೊದಲು, ಶಿಕ್ಷಕರು ಆಮೇಲೆ, ಊರು ಅದರ ನಂತರ. ಶಿಕ್ಷಕರು ಬಂದ ಮೇಲೆ ಮಕ್ಕಳ ಪ್ರವಾಹ ತಡೆಯಲಾಗದಷ್ಟು ಬೆಳೆಯಿತು. ಫೆಬ್ರುವರಿ 1ರಂದು ಮಾರ್ಟಿನ್ ಲೂಥರ್ ಕಿಂಗ್ ಸೆಲ್ಮಾದಲ್ಲಿ ಬಂಧಿತರಾದ ದಿನವೇ ಸುಮಾರು 500 ಶಾಲಾ ಮಕ್ಕಳು ಜೈಲಿಗೆ ಹೋದರು, ಆ ವಾರ ಬಂಧಿತರ ಸಂಖ್ಯೆ ಸಾವಿರ ದಾಟಿತು. ಫೆಬ್ರುವರಿ 10ರಂದು ಕ್ಲಾರ್ಕ್ ಸುಮಾರು 165 ಮಕ್ಕಳನ್ನು ದನಕ್ಕೆ ಚುಚ್ಚುವ ವಿದ್ಯುತ್ ಕೋಲಿನಿಂದ ತಿವಿಯುತ್ತ ಊರಾಚೆ ಮೈಲಿಗಟ್ಟಲೆ ಓಡಿಸಿದ. ಒಂದೆರಡು ದಿನದಲ್ಲಿ ಅವನು ಬಳಲಿ ಆಸ್ಪತ್ರೆ ಸೇರಿದಾಗ ವಿದ್ಯಾರ್ಥಿಗಳು ಮಳೆಯಲ್ಲಿ ಕೋರ್ಟಿನ ಮುಂದೆ ನಿಂತು ಅವನು ಗುಣವಾಗಲೆಂದು ಪ್ರಾರ್ಥಿಸಿದರು. ಮಾರ್ಚ್ 7ರಂದು, ಮತದಾನದ ಹಕ್ಕಿಗಾಗಿ ಅಲಬಾಮದ ರಾಜಧಾನಿ ಮಾಂಟ್‌ಗೊಮರಿಗೆ ಹೊರಟ ಮೆರವಣಿಗೆಯ ಮೇಲೆ ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆಯಲ್ಲಿ ನಡೆದ ಲಾಠಿ ಪ್ರಹಾರ ಜಗತ್ತಿಗೇ ಗೊತ್ತು. ಅಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡ ಹದಿನಾಲ್ಕರ ಲಿಂಡಾ ಬ್ಲ್ಯಾಕ್‌ಮನ್ ಎರಡು ವಾರದಲ್ಲಿ ಮತ್ತೆ ಹೊರಟು ಮಾಂಟ್‌ಗೊಮರಿವರೆಗೆ ನಡೆದಳು, ದಾರಿಯಲ್ಲೇ ಅವಳಿಗೆ ಹದಿನೈದು ತುಂಬಿತು. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಬಿತ್ತು. ಮರುವರ್ಷದ ಮೇ ತಿಂಗಳ ಪ್ರಾಥಮಿಕ ಚುನಾವಣೆಯಲ್ಲಿ, ಹೊಸದಾಗಿ ಪಟ್ಟಿ ಸೇರಿದ ಸಾವಿರಾರು ಕಪ್ಪು ಮತದಾರರ ವೋಟಿನಿಂದ, ಜಿಮ್ ಕ್ಲಾರ್ಕ್ ಸೋತ.

ಎರಡನೇ ಆಕ್ಷೇಪ ಇತಿಹಾಸಕಾರರದ್ದು. ಪಟ್ಟಿ ಬೆಳೆದದ್ದು ಕಾಯ್ದೆಯಿಂದ, ಕೇಂದ್ರ ಸರ್ಕಾರ ಕಳಿಸಿದ ನೋಂದಣಿ ಅಧಿಕಾರಿಗಳಿಂದ. ಮಕ್ಕಳ ಪಾತ್ರವನ್ನು ದೊಡ್ಡದು ಮಾಡಬಾರದು ಎನ್ನುತ್ತಾರೆ. ಅಂಕಿಅಂಶ ಅವರ ಕಡೆಗೇ ಇದೆ ಎಂದು ಮೊದಲ ನೋಟಕ್ಕೆ ಕಾಣುತ್ತದೆ. ಎರಡು ವರ್ಷದ ಕಷ್ಟದ ನಂತರವೂ, 1965ರ ಆರಂಭದಲ್ಲಿ ಡಲ್ಲಾಸ್ ಕೌಂಟಿಯ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 300ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಿಸಿಸಿಪ್ಪಿಯಲ್ಲಿ ಕಾಯ್ದೆಗೆ ಮೊದಲು ಶೇ 6.7ರಷ್ಟಿದ್ದ ನೋಂದಣಿ 1967ರ ಹೊತ್ತಿಗೆ ಶೇ 59.8ಕ್ಕೆ ಏರಿತು. ಕಾಯ್ದೆ ಇಲ್ಲದೆ ಈ ಗೋಡೆ ಬೀಳುತ್ತಿರಲಿಲ್ಲ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕಾಯ್ದೆ ಬಾಗಿಲು ತೆರೆಯಬಹುದು, ಒಳಗೆ ಹೋಗುವ ಜನರನ್ನು ಅದು ತಯಾರು ಮಾಡುವುದಿಲ್ಲ. ಅಧಿಕಾರಿಗಳು ಆಗಸ್ಟ್ 10ರಂದು ಕೆಲಸ ಶುರುಮಾಡಿದಾಗ ಜನ ಸಾಲುಗಟ್ಟಿ ಬಂದರಲ್ಲ, ಅವರಿಗೆ ಅರ್ಜಿಯ ಭಯ ಬಿಡಿಸಿದವರು ಯಾರು, ಕೋರ್ಟಿನ ಮೆಟ್ಟಿಲು ತಮ್ಮದೂ ಹೌದು ಎಂದು ತೋರಿಸಿದವರು ಯಾರು? ಆ ಕಾಯ್ದೆಯನ್ನು ವಾಷಿಂಗ್ಟನ್ನಿನಿಂದ ಹೊರಗೆಳೆದ ಒತ್ತಡದಲ್ಲಿ ಜೈಲು ತುಂಬಿದ ಮಕ್ಕಳ ಪಾಲು ಎಷ್ಟು? ಒಂದು ಇನ್ನೊಂದಕ್ಕೆ ಬದಲಿ ಎಂಬಂತೆ ತೂಗುವುದೇ ತಪ್ಪು.

ಕಾಯ್ದೆ ಮಾತ್ರ ಇದ್ದು ಮಕ್ಕಳ ಕೈಗೆ ಕೆಲಸ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದ ಚರಿತ್ರೆಯಲ್ಲಿ ಉದಾಹರಣೆ ಇದೆ. 1971ರ ಜುಲೈ 1ರಂದು ಅಲ್ಲಿನ ಸಂವಿಧಾನದ 26ನೇ ತಿದ್ದುಪಡಿ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿದ ನೂರು ದಿನದಲ್ಲಿ ರಾಜ್ಯಗಳ ಒಪ್ಪಿಗೆ ಸಿಕ್ಕಿತು, ಅಷ್ಟು ಬೇಗ ಮುಗಿದ ತಿದ್ದುಪಡಿ ಬೇರೊಂದಿಲ್ಲ. ಆಗಿನಿಂದ ಹೈಸ್ಕೂಲಿನ ಕೊನೆಯ ತರಗತಿಯಲ್ಲೇ ಮತದಾರರು ಕುಳಿತಿದ್ದಾರೆ. ಆದರೂ ಹದಿನೆಂಟರಿಂದ ಇಪ್ಪತ್ನಾಲ್ಕರ ವಯಸ್ಸಿನವರ ಮತದಾನ ಹಿರಿಯರಿಗಿಂತ ಯಾವಾಗಲೂ ಬಹಳ ಹಿಂದೆ. ಟೆಕ್ಸಸ್ ರಾಜ್ಯ ಇದಕ್ಕೆ ಕಾನೂನಿನ ಮದ್ದು ಹುಡುಕಿತು. ಪ್ರತಿ ಹೈಸ್ಕೂಲಿನ ಪ್ರಾಂಶುಪಾಲರೂ ಉಪ ನೋಂದಣಿ ಅಧಿಕಾರಿ, ಅವರು ವರ್ಷಕ್ಕೆ ಎರಡು ಸಲ ಅರ್ಹ ವಿದ್ಯಾರ್ಥಿಗಳಿಗೆ ಅರ್ಜಿ ಹಂಚಲೇಬೇಕು ಎಂದು 1980ರ ದಶಕದಿಂದ ಅಲ್ಲಿ ನಿಯಮವಿದೆ. ಬಹುಪಾಲು ಶಾಲೆಗಳು ಆ ಅರ್ಜಿಗಳನ್ನು ತರಿಸಿಕೊಳ್ಳುವುದೇ ಇಲ್ಲ ಎಂದು ಅಲ್ಲಿನ ನಾಗರಿಕ ಹಕ್ಕು ಸಂಘಟನೆಗಳು ದೂರುತ್ತಲೇ ಬಂದಿವೆ. ಇದಕ್ಕೆ ಎದುರಾಗಿ 1988ರಲ್ಲಿ ಅರಿಜೋನಾದಲ್ಲಿ ಹುಟ್ಟಿದ 'ಕಿಡ್ಸ್ ವೋಟಿಂಗ್' ಕಾರ್ಯಕ್ರಮವನ್ನು ಇಡಬಹುದು. ಮಕ್ಕಳು ತರಗತಿಯಲ್ಲಿ ಚುನಾವಣೆಯ ಪಾಠ ಓದಿ, ಮತದಾನದ ದಿನ ಅಪ್ಪ ಅಮ್ಮಂದಿರ ಜೊತೆ ಮತಗಟ್ಟೆಗೆ ಹೋಗಿ ತಮ್ಮದೇ ಅಣಕು ಮತ ಹಾಕುವ ಏರ್ಪಾಡು ಅದು. ಸಂಶೋಧಕರಾದ ಮೈಕೆಲ್ ಮೆಕ್‌ಡೆವಿಟ್ ಮತ್ತು ಸ್ಟೀವನ್ ಚಾಫಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಅದನ್ನು ಅಧ್ಯಯನ ಮಾಡಿ, ಮಕ್ಕಳು ಮನೆಗೆ ತಂದ ಮಾತಿನಿಂದ ಪೋಷಕರೇ ಪತ್ರಿಕೆ ಓದಲು, ಚುನಾವಣೆ ಚರ್ಚಿಸಲು ತೊಡಗುತ್ತಾರೆ, ಬಡ ಕುಟುಂಬಗಳಲ್ಲಿ ಇದು ಹೆಚ್ಚು ಎಂದು ತೋರಿಸಿದರು. ತಂದೆಯಿಂದ ಮಗನಿಗೆ ಇಳಿಯುತ್ತದೆ ಎಂದು ನಾವು ನಂಬಿದ ರಾಜಕೀಯ ಪ್ರಜ್ಞೆ ಮಗಳಿಂದ ತಾಯಿಗೂ ಏರುತ್ತದೆ. ಮೆಕೋಂಬಿನ ಮಕ್ಕಳು ಬಾಗಿಲು ಬಡಿದು ಕಂಡುಕೊಂಡದ್ದನ್ನೇ ಮೂರು ದಶಕದ ನಂತರ ವಿದ್ವಾಂಸರು ಅಳೆದು ಬರೆದರು.

ಶಾಲೆ ರಾಜಕೀಯದಿಂದ ದೂರ ಇರಬೇಕು ಎಂಬುದು ಕೊನೆಯ ಆಕ್ಷೇಪ, ನಮ್ಮ ನಾಡಿನಲ್ಲೂ ಕೇಳಿಬರುವಂಥದ್ದು. ಯಾರಿಗೆ ವೋಟು ಹಾಕಬೇಕು ಎಂದು ಮೇಷ್ಟರು ಹೇಳಕೂಡದು, ಅದರಲ್ಲಿ ಎರಡು ಮಾತಿಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಕೇಳುವುದು ಬೇರೆ ಸಂಗತಿ. ಸೆಲ್ಮಾದ ಮೆಟ್ಟಿಲ ಮೇಲೆ ಶಿಕ್ಷಕರು ಯಾವ ಅಭ್ಯರ್ಥಿಯ ಹೆಸರನ್ನೂ ಹೇಳಲಿಲ್ಲ, ತಮ್ಮ ಹೆಸರನ್ನು ಬರೆದುಕೊಳ್ಳಿ ಎಂದಷ್ಟೇ ಕೇಳಿದರು. ಈ ಗೆರೆಯನ್ನು ಕಾಯುವುದು ಶಾಲೆಗೆ ಕಷ್ಟವಲ್ಲ. ಗೆರೆ ದಾಟುವ ಭಯದಿಂದ ಕೆಲಸವನ್ನೇ ಕೈಬಿಡುವ ಶಾಲೆ ಮಕ್ಕಳಿಗೆ ಕಲಿಸುವುದು ಒಂದನ್ನೇ, ಚುನಾವಣೆ ಬೇರೆಯವರ ವ್ಯವಹಾರ ಎಂಬುದನ್ನು.

ಕರ್ನಾಟಕದ ಮಕ್ಕಳ ಎದುರು ಮಿಸಿಸಿಪ್ಪಿಯ ಗೋಡೆ ಇಲ್ಲ. ನಮ್ಮ ಸಂವಿಧಾನ ಮೊದಲ ದಿನದಿಂದಲೇ ವಯಸ್ಕರೆಲ್ಲರಿಗೂ ಮತ ಕೊಟ್ಟಿತು, 1989ರಲ್ಲಿ ಆ ವಯಸ್ಸು 21ರಿಂದ 18ಕ್ಕೆ ಇಳಿಯಿತು. 2018ರಿಂದ ಶಾಲಾ ಕಾಲೇಜುಗಳಲ್ಲಿ ಮತದಾರರ ಸಾಕ್ಷರತಾ ಸಂಘಗಳಿವೆ. ಆದರೂ 2024ರ ಲೋಕಸಭಾ ಚುನಾವಣೆಯಲ್ಲಿ ಇಡೀ ರಾಜ್ಯ ಶೇ 70ರಷ್ಟು ಮತ ಹಾಕಿದರೆ ಬೆಂಗಳೂರಿನ ನಗರ ಕ್ಷೇತ್ರಗಳು ಶೇ 54ರ ಆಸುಪಾಸಿನಲ್ಲೇ ನಿಂತವು. ಚುನಾವಣೆ ಬಂದಾಗ ನಮ್ಮ ಮಕ್ಕಳು ಫಲಕ ಹಿಡಿದು ಜಾಥಾ ಹೊರಡುತ್ತಾರೆ, ರಂಗೋಲಿ ಬಿಡುತ್ತಾರೆ, ಪ್ರತಿಜ್ಞೆ ಓದುತ್ತಾರೆ. ದಿನಾಂಕ, ಮಾರ್ಗ, ಘೋಷಣೆ ಎಲ್ಲವೂ ಕಚೇರಿಯಿಂದ ಬಂದದ್ದು. ಅದು ಕೆಟ್ಟದ್ದಲ್ಲ, ಸಾಲದು. ಪಿಯು ಕಾಲೇಜಿನ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟು: ಈ ಸಲ ಫಲಕದ ಬದಲು ನಿಮ್ಮ ಬೀದಿಯ ಮತದಾರರ ಪಟ್ಟಿಯನ್ನು ಮಕ್ಕಳ ಕೈಗೆ ಕೊಡಿ. ಯಾರ ಹೆಸರು ಬಿಟ್ಟುಹೋಗಿದೆ, ಯಾರು ಮನೆ ಬದಲಿಸಿದ್ದಾರೆ, ಯಾವ ಅಜ್ಜಿಯನ್ನು ಮತಗಟ್ಟೆಗೆ ಕರೆದೊಯ್ಯುವವರಿಲ್ಲ ಎಂದು ಅವರೇ ಮನೆಮನೆಗೆ ಹೋಗಿ ನೋಡಿ ಬರಲಿ, ಯೋಜನೆಯನ್ನೂ ಅವರೇ ಹಾಕಲಿ, ನೀವು ಪಕ್ಕದಲ್ಲಿರಿ. ಅವರ ಸ್ವಂತ ಹೆಸರಿಗೂ ಕಾಯಬೇಕಿಲ್ಲ. ಹದಿನೇಳು ತುಂಬಿದವರು ಮುಂಚಿತವಾಗಿ ಅರ್ಜಿ ಹಾಕಲು 2022ರಿಂದ ಅವಕಾಶವಿದೆ, ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಬೇಕಾದದ್ದು ನಮೂನೆ 6, ಅದನ್ನು ತುಂಬಲು ಒಂದು ತರಗತಿಯ ಅವಧಿ ಸಾಕು.